ಏಳು ಮನೆಗಳ ವಾರ

ಅಕ್ಕ ಹೋಗಿ ಇಪ್ಪತ್ತೆರಡು ದಿನವಾಯಿತು. ಅವಳು ಮಲಗಿದ್ದ ಕೋಣೆಯ ಗೋಡೆಗಳಿಗೆ ಬೇವಿನೆಣ್ಣೆಯ ವಾಸನೆ ಹಿಡಿದುಬಿಟ್ಟಿದೆ. ಕಿಟಕಿ ತೆರೆದಿಟ್ಟರೂ ಹೋಗುತ್ತಿಲ್ಲ. ಮೊನ್ನೆ ಸೊಸೆ, "ಮಾವಾ, ಸುಣ್ಣ ಹೊಡೆಸಿಬಿಡೋಣೇನ್ರಿ? ವಾಸನಿ ಹೋಗ್ತೈತಿ" ಎಂದಳು. ಹೂಂ ಅಂದೆ. ಸುಣ್ಣ ಹೊಡೆಯುವವನು ಬಂದು ಬಾಗಿಲಲ್ಲಿ ನಿಂತಾಗ ಮಾತ್ರ, ಇನ್ನೊಂದು ವಾರ ಬಿಟ್ಟು ಬಾರಪ್ಪ ಎಂದು ಹಿಂದಕ್ಕೆ ಕಳಿಸಿದೆ.

ಆ ವಾಸನೆ ಅಕ್ಕನೊಬ್ಬಳದಲ್ಲ. ಐವತ್ತು ವರ್ಷಗಳ ಹಿಂದೆ, ಅವಳದೇ ಮನೆಯ ಪಡಸಾಲೆಯಲ್ಲಿ, ಅದೇ ಎಣ್ಣೆಯ ವಾಸನೆಯ ನಡುವೆ ನಾನು ನಡೆದುಕೊಂಡ ರೀತಿಯೊಂದಿದೆ. ಅವಳಿರುವವರೆಗೆ ಅದನ್ನು ಬರೆಯಲು ಕೈ ಏಳಲಿಲ್ಲ. ಈಗ ಓದಿ ಬೇಸರಪಡುವವರು ಯಾರೂ ಉಳಿದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ. ಇದು ಕೂಡ ಧೈರ್ಯದ ಕೆಲಸವಲ್ಲ ಎಂದು ನನಗೆ ಗೊತ್ತು.

೧೯೫೫ರ ದೀಪಾವಳಿಯಿಂದ ಮರುವರ್ಷದ ಮುಂಗಾರಿನವರೆಗಿನ ಮಾತು. ಆಗ ಕರ್ನೂಲು ರಾಜಧಾನಿ. ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ಆದೋನಿ ಸೀಮೆ ಆಂಧ್ರ ರಾಜ್ಯವಾದಾಗ ಕರ್ನೂಲಿಗೆ ಸೇರಿತ್ತು. ನಾನು ಎಂಟನೇ ತರಗತಿ ಪಾಸಾಗಿ, ಟ್ರೈನಿಂಗ್ ಮುಗಿಸಿ, ಪೆದ್ದಕಡುಬೂರಿನ ಆಚೆಗಿರುವ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮೇಷ್ಟ್ರಾಗಿದ್ದೆ. ಅಕ್ಕ ನಾಗಮ್ಮನನ್ನು ಕೊಟ್ಟಿದ್ದೂ ಅದೇ ಊರಿಗೆ. ಊಟ, ವಾಸ ಎಲ್ಲ ಅಕ್ಕನ ಮನೆಯಲ್ಲೇ.

ಭಾವ ತಿಕ್ಕಣ್ಣ ಹಾಸಿಗೆ ಹಿಡಿದು ಆಗಲೇ ಆರು ವರ್ಷ. ಆದೋನಿ ಮಾರ್ಕೆಟ್ಟಿಗೆ ಹತ್ತಿ ಹೇರಿಕೊಂಡು ಹೋಗುವಾಗ ಹಳ್ಳದ ಇಳಿಜಾರಿನಲ್ಲಿ ಬಂಡಿ ಮಗುಚಿ ಬೆನ್ನು ಮುರಿದಿತ್ತು. ಸೊಂಟದಿಂದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಬಳ್ಳಾರಿಯಲ್ಲಿ ಎರಡು ತಿಂಗಳು ಇಟ್ಟುಕೊಂಡ ಡಾಕ್ಟರು ಮನೆಗೆ ಕಳಿಸುವಾಗ ಅಕ್ಕನಿಗೆ ಹೇಳಿದ್ದು ಒಂದೇ ಮಾತು. ದಿನಾ ಎತ್ತಿ ಕೂಡಿಸಬೇಕು, ಮಗ್ಗುಲು ಬದಲಿಸಬೇಕು. ಒಂದೇ ಕಡೆ ಬಿಟ್ಟರೆ ಮೈ ಹುಣ್ಣಾಗುತ್ತದೆ, ಹುಣ್ಣಾದರೆ ಮನುಷ್ಯ ಉಳಿಯುವುದಿಲ್ಲ.

ಭಾವ ಆರಡಿ ಆಳು. ಅಕ್ಕ ಅವನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಬಳ್ಳಾರಿಯಿಂದ ಬಂದ ಮೊದಲ ವಾರವೇ ಆ ಓಣಿಯವರು ಸೇರಿ ಒಂದು ಏರ್ಪಾಟು ಮಾಡಿದರು. ಬಡ ಹುಡುಗರು ಓದುವುದಕ್ಕೆ ಪಟ್ಟಣಕ್ಕೆ ಹೋಗಿ ಏಳು ಮನೆಗಳಲ್ಲಿ ವಾರದ ಊಟ ಹಿಡಿಯುತ್ತಿದ್ದರಲ್ಲ, ಹಾಗೆ ಭಾವನನ್ನು ಎತ್ತುವುದಕ್ಕೆ ಏಳು ಮನೆಗಳು ವಾರ ಹಿಡಿದವು. ಸೋಮವಾರ ಉರುಕುಂದಪ್ಪನ ಮನೆ, ಮಂಗಳವಾರ ಖಾಸಿಂ ಸಾಬರ ಮನೆ, ಹೀಗೆ. ಆ ದಿನದ ಮನೆಯ ಇಬ್ಬರು ಗಂಡಸರು ಹೊಲಕ್ಕೆ ಹೋಗುವ ಮುಂಚೆ ಬಂದು, ಭಾವನ ಅಡಿಗೆ ಗೋಣಿತಟ್ಟು ಸೇರಿಸಿ, ಒಬ್ಬ ರಟ್ಟೆಯ ಕೆಳಗೆ, ಇನ್ನೊಬ್ಬ ತೊಡೆಯ ಕೆಳಗೆ ಕೈ ಕೊಟ್ಟು, ಎತ್ತಿ ತಂದು ಕಟ್ಟೆಯ ಮೇಲೆ ಜೋಳದ ಚೀಲಕ್ಕೆ ಒರಗಿಸಿ ಕೂಡಿಸುತ್ತಿದ್ದರು. ಅಕ್ಕ ಹಾಸಿಗೆ ಬದಲಿಸಿ, ಬೆನ್ನು ತೊಳೆದು, ಕರ್ಪೂರ ಹಾಕಿ ಕಾಸಿದ ಬೇವಿನೆಣ್ಣೆ ಹಚ್ಚುತ್ತಿದ್ದಳು. ಸಂಜೆ ಹೊಲದಿಂದ ಬಂದವರು ಇನ್ನೊಂದು ಮಗ್ಗುಲಿಗೆ ಮಲಗಿಸಿ ಮನೆಗೆ ಹೋಗುತ್ತಿದ್ದರು. ಹಬ್ಬವಿರಲಿ, ಸುಗ್ಗಿಯಿರಲಿ, ಯಾರದೂ ವಾರ ತಪ್ಪಿದ್ದನ್ನು ನಾನು ಕಾಣೆ.

ಎತ್ತುವಾಗ ನಗೆ ಮಾತಿಗೆ ಕಡಿಮೆ ಇರುತ್ತಿರಲಿಲ್ಲ.

"ಏನೋ ತಿಕ್ಕಣ್ಣ, ನಾಗಮ್ಮ ಏನು ಉಣಿಸ್ತಾಳೋ ನಿನಗ? ಹೋದ ಮಂಗಳವಾರಕ್ಕಿಂತ ಭಾರ ಆಗೀಯಲ್ಲ" ಎಂದು ಖಾಸಿಂ ಸಾಬರು ಏದುಸಿರು ಬಿಡುವರು.

"ನಾ ಭಾರ ಆಗಿಲ್ಲ ಸಾಬ್ರೆ. ನಿಮಗ ವಯಸ್ಸಾತು. ಮಗನ್ನ ಕಳಸ್ರಿ, ನೀವು ಬೀಡಿ ಸೇದ್ಕೊಂತ ಕುಂದ್ರರಿ."

"ಕಾಲು ಎಲ್ಲಿಟ್ಟೀಯಪ್ಪ, ಕೈಗೇ ಸಿಗವಲ್ದು!"

"ಅಲ್ಲೇ ಎಲ್ಲೋ ಇರಬೇಕು ನೋಡ್ರಿ. ನಂಗೂ ಗೊತ್ತಿಲ್ಲ."

ಹೀಗಿತ್ತು. ಆರು ವರ್ಷ ಭಾವನ ಬೆನ್ನ ಮೇಲೆ ಒಂದು ಗುಳ್ಳೆಯೂ ಏಳಲಿಲ್ಲ.

ಅರ್ಜಿಯ ವಿಚಾರ ನನ್ನ ತಲೆಗೆ ಬಂದದ್ದು ಬೇರೆ ಊರಲ್ಲಿ. ದೀಪಾವಳಿ ರಜೆಯಲ್ಲಿ ಸೈಕಲ್ ಮೇಲೆ ಒಬ್ಬ ಶಿಷ್ಯನ ಮನೆಗೆ ಹೋಗಿದ್ದೆ. ಅವರ ದನದ ಕೊಟ್ಟಿಗೆಯ ಮೂಲೆಯಲ್ಲಿ ಒಬ್ಬ ಮುದುಕಿ ಮಲಗಿದ್ದಳು. ಎಷ್ಟು ದಿನದಿಂದ ಹಾಗೆ ಮಲಗಿದ್ದಳೋ, ನೊಣಗಳನ್ನು ಓಡಿಸಿಕೊಳ್ಳುವುದನ್ನೂ ಬಿಟ್ಟಿದ್ದಳು. ಮನೆಯವರು ಕೆಟ್ಟವರಲ್ಲ. ಸೊಸೆಯೊಬ್ಬಳೇ ಕೂಲಿಗೆ ಹೋಗಿ ಮನೆ ನಡೆಸಬೇಕಾಗಿತ್ತು. "ಎತ್ತಾಕ ಯಾರದಾರ ಸಾರ್?" ಎಂದಳು. ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ನನಗೆ ಸಿಟ್ಟು. ನಮ್ಮ ಓಣಿಯಲ್ಲಿ ಏಳು ಮನೆಗಳಿದ್ದವು. ಇಲ್ಲದ ಊರುಗಳಲ್ಲಿ ಏನು ಗತಿ? ಸರ್ಕಾರ ಬೇಡವೇ?

ಆ ಸಿಟ್ಟು ಒಳ್ಳೆಯದೇ ಆಗಿತ್ತು. ಅದರ ಜೊತೆ ಇನ್ನೊಂದೂ ಇತ್ತು. ನನ್ನ ಕೈಬರಹ ಚೆನ್ನಾಗಿತ್ತು, ತೆಲುಗೂ ಬರೆಯುತ್ತಿದ್ದೆ, ರಾಜಧಾನಿ ಬಸ್ಸಿನ ದಾರಿಯಲ್ಲಿತ್ತು. ಒಬ್ಬ ಹಳ್ಳಿ ಮೇಷ್ಟ್ರು ಬರೆದ ಕಾಗದವನ್ನು ಕರ್ನೂಲಿನಲ್ಲಿ ಓದುತ್ತಾರೆ ಎಂಬ ಆಸೆ.

ಕರ್ನೂಲಿನಲ್ಲಿ ನನಗೆ ಪರಿಚಯದ ಗುಮಾಸ್ತರೊಬ್ಬರಿದ್ದರು. ಮದ್ದಿಕೇರದ ಕಡೆಯವರು. ತೆಲುಗು ಕನ್ನಡ ಬೆರೆಸಿ ಮಾತಾಡುವ ಒಳ್ಳೆಯ ಮನುಷ್ಯ. ರಾಜಧಾನಿಯೆಂದರೂ ಎಷ್ಟೋ ಕಚೇರಿಗಳು ಇನ್ನೂ ಡೇರೆಗಳಲ್ಲೇ ಇದ್ದವು. ಆ ಡೇರೆಯ ನೆರಳಲ್ಲಿ ನಿಂತು ಅವರು ನನಗೆ ತಿಳಿಸಿ ಹೇಳಿದರು.

"ಚೂಡು ತಮ್ಮ, ಸರ್ಕಾರ ಏನು ಕೊಡಬೇಕಾದರೂ ಬಜೆಟ್ಟಿನೊಳಗೆ ಆ ಖರ್ಚಿಗೆ ಅಂತ ಒಂದು ಬಾಬ್ತು ಇರಬೇಕು. ಬಾಬ್ತು ಇಲ್ಲ ಅಂದ್ರೆ ಮಂತ್ರಿಗಳೇ ಮನಸ್ಸು ಮಾಡಿದರೂ ಆಗೋದಿಲ್ಲ. ನೀನು ದಾನ ಧರ್ಮ ಕೇಳಬೇಡ. ಬಾಬ್ತು ಕೇಳು."

ಹಾಗಾಗಿ ನಾನು ಕೇಳಿದ್ದು ಬಾಬ್ತು. ಹಾಸಿಗೆ ಹಿಡಿದವರಿಗೆ, ಕೈಕಾಲು ಇಲ್ಲದವರಿಗೆ ಆದೋನಿಯಲ್ಲಿ ಒಂದು ವಾರ್ಡು, ಎತ್ತಿ ಇಳಿಸುವುದಕ್ಕೆ ಆಳುಗಳು, ಹಳ್ಳಿಗಳಿಗೆ ತಿರುಗುವ ಒಬ್ಬ ನರ್ಸು. ಮುಂದಿನ ಬಜೆಟ್ಟಿನಲ್ಲೇ ಅದು ಬರಬೇಕೆಂದು. ಎರಡು ತಿಂಗಳು ಭಾನುವಾರವೆಲ್ಲ ಸೈಕಲ್ ತುಳಿದು ಸುತ್ತಲಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಪಟ್ಟಿ ಮಾಡಿದೆ. ಕರಡನ್ನು ಗುಮಾಸ್ತರಿಗೆ ತೋರಿಸಿದಾಗ ಅವರು ತಲೆಯಾಡಿಸಿದರು.

"ಪಟ್ಟಿ ಯಾರೂ ಓದೋದಿಲ್ಲ. ಮೊದಲಿಗೆ ಒಬ್ಬ ಮನುಷ್ಯನ ಕಥೆ ಬರಿ. ಹತ್ತಿರದವನದು, ತನಿಖೆಗೆ ಬಂದರೆ ತೋರಿಸೋ ಹಂಗಿರಬೇಕು."

ನಾನು ಭಾವನ ವಿಷಯ ಹೇಳಿದೆ. ಏಳು ಮನೆಗಳ ವಾರದ ಬಗ್ಗೆಯೂ ಹೇಳಿದೆ, ಹೆಮ್ಮೆಯಿಂದಲೇ.

"ಅದು ಬರೆಯಬೇಡ" ಎಂದರು ಅವರು ಕೂಡಲೇ. "ಊರೋರು ನೋಡ್ಕೊಳ್ತಾರೆ ಅಂತ ಬರೆದರೆ, ಮತ್ತೆ ಸರ್ಕಾರ ಯಾಕೆ ಅಂತಾರೆ. ಎವರೂ ಲೇರು ಅನಿ ರಾಯಿ. ಯಾರೂ ಇಲ್ಲ ಅಂತ ಬರಿ."

ಅವರು ಹೇಳಿದ್ದು ತಪ್ಪೆಂದು ಈಗಲೂ ನಾನು ಅನ್ನಲಾರೆ. ಕಚೇರಿಯ ದಾರಿ ಅವರಿಗೆ ಗೊತ್ತಿತ್ತು, ನಮ್ಮ ಓಣಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆದರೂ ಬರೆದೆ. ಆ ಮುದುಕಿಯ ಮಟ್ಟಿಗೆ ಅದು ನಿಜವಲ್ಲವೇ, ಅವಳಿಗಾಗಿ ಭಾವನ ಬಾಯಲ್ಲಿ ಒಂದು ಮಾತು ಹೇಳಿಸಿದರೇನು ಎಂದುಕೊಂಡೆ. "ಆರು ವರ್ಷಗಳಿಂದ ಹಾಸಿಗೆ ಹಿಡಿದ ಈ ಮನುಷ್ಯನನ್ನು ಮುಟ್ಟಿ ಎತ್ತುವವರು ಈ ಊರಿನಲ್ಲಿ ಒಬ್ಬರೂ ಇಲ್ಲ." ತೆಲುಗಿನಲ್ಲಿ ಆ ವಾಕ್ಯ ಬಹಳ ಚೆನ್ನಾಗಿ ಬಂದಿತ್ತು. ಭಾವನ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಅವನಿಗೆ ಓದಿ ಹೇಳಲಿಲ್ಲ. ಅವನೂ ಕೇಳಲಿಲ್ಲ. "ಯಾವ ಬೆಟ್ಟು ಬೇಕೋ ತಗಳ್ರಿ ಮೇಷ್ಟ್ರೆ. ಮ್ಯಾಲಿನ ಹತ್ತು ಇನ್ನಾ ನನ್ನವೇ ಅದಾವು" ಎಂದು ಕೈ ಚಾಚಿದ.

ನಮ್ಮೂರಲ್ಲಿ ಒಂದು ಪದ್ಧತಿಯಿತ್ತು. ಊರ ಹೆಸರು ಇರುವ ಕಾಗದ ಯಾವುದಾದರೂ ಸರಿ, ಚಾವಡಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ ಮೇಲೆಯೇ ಹಿರಿಯರು ಹೆಬ್ಬೆಟ್ಟು ಒತ್ತಬೇಕು. ಒತ್ತಿದ ಮೇಲೆ ಅದು ಅವರ ಮಾತು. ಅದರಿಂದ ಹಿಂದೆ ಸರಿದವನನ್ನು ಆಮೇಲೆ ಯಾವ ಪಂಚಾಯ್ತಿಗೂ ಕರೆಯುತ್ತಿರಲಿಲ್ಲ. ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದುತ್ತಾ ಬೇಗ ದಾಟಿಬಿಡೋಣ ಎಂದುಕೊಂಡಿದ್ದೆ.

ಸಂಕ್ರಾಂತಿ ಕಳೆದ ಒಂದು ಮುಂಜಾನೆ ಚಾವಡಿಯಲ್ಲಿ ಓದಿದೆ. ತೆಲುಗು ಎಲ್ಲರಿಗೂ ಬರುತ್ತಿತ್ತು. ಆ ವಾಕ್ಯ ಮುಗಿದಾಗ ಮೊದಲು ನಕ್ಕವರು ಖಾಸಿಂ ಸಾಬರು.

"ಅರೆ ಮೇಷ್ಟ್ರೆ, ಮಂಗಳವಾರಕ್ಕೊಮ್ಮಿ ನನ್ನ ಸ್ವಂಟದಾಗ ಕಳಕ್ ಅಂತೈತಲ್ಲ, ಅದು ಯಾರನ್ನ ಎತ್ತಿ ಅಂತೀನಿ?"

ಒಂದಿಬ್ಬರು ನಕ್ಕರು. ನಾನು ನಗದಿದ್ದುದನ್ನು ನೋಡಿ ಅವರೂ ನಿಲ್ಲಿಸಿದರು. ಉರುಕುಂದಪ್ಪ ಓಣಿಗೆಲ್ಲ ಹಿರಿಯ, ಅರವತ್ತು ದಾಟಿದವನು. ಕಂಬಕ್ಕೆ ಒರಗಿ ಕೂತಿದ್ದವನು ಸರಿಯಾಗಿ ಎದ್ದು ಕೂತ.

"ಆ ಮಾತು ಇನ್ನೊಮ್ಮಿ ಓದು ಈರಣ್ಣ."

ಓದಿದೆ. ಎರಡನೆಯ ಸಲ ಓದುವಾಗ ಆ ತೆಲುಗು ಮೊದಲಿನಷ್ಟು ಚೆನ್ನಾಗಿ ಕೇಳಿಸಲಿಲ್ಲ.

"ಹಿಂಗ ಬರೀಬೇಕೇನು?"

"ಹಿಂಗ ಬರದರ ಬಾಬ್ತು ಬರ್ತೈತಿ ಮಾವ. ಇಲ್ಲಂದ್ರ ಸರ್ಕಾರ ಕೊಡಂಗಿಲ್ಲ."

"ತಿಕ್ಕಣ್ಣಗ ಚೊಲೋ ಆಗ್ತೈತೇನು?"

"ಆಗ್ತೈತಿ ಮಾವ. ತನಿಖೆಗೆ ಸಾಹೇಬ್ರು ಬರ್ತಾರ, ನೋಡ್ತಾರ."

ಅವನು ಎದ್ದು ಬಂದು ಎಲ್ಲರಿಗಿಂತ ಮೊದಲು ತನ್ನ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿದ. ಉಳಿದ ಆರು ಮನೆಯವರೂ ಒತ್ತಿದರು. ಕಾಗದದ ಮೇಲೆ ಏಳು ಬೊಟ್ಟುಗಳು ಒಂದರ ಪಕ್ಕ ಒಂದು ಬಿದ್ದವು. ನನಗೆ ಗೆದ್ದ ಹಾಗಾಯಿತು.

ಮರುದಿನ ಯಾರೂ ಬರಲಿಲ್ಲ. ಅಕ್ಕ ನೀರು ಕಾಸಿ, ಎಣ್ಣೆ ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಹೋಗಿ ಹೋಗಿ ಬಂದಳು. ಸಂಜೆಯೂ ಬರಲಿಲ್ಲ. ಅದರ ಮರುದಿನವೂ ಹಾಗೆಯೇ ಆದಾಗ ನಾನು ಉರುಕುಂದಪ್ಪನ ಕೊಟ್ಟಿಗೆಗೆ ಹೋದೆ. ಅವನು ಎತ್ತುಗಳಿಗೆ ಸೊಪ್ಪೆ ಹಾಕುತ್ತಿದ್ದ.

"ಭಾವನ್ನ ಎತ್ತಾಕ ಯಾಕ ಯಾರೂ ಬರ್ಲಿಲ್ಲ ಮಾವ?"

"ಎತ್ತೋರು ಈ ಊರಾಗ ಯಾರೂ ಇಲ್ಲಂತಲ್ಲಪ್ಪ. ಹೆಬ್ಬಟ್ಟು ಒತ್ತೀವಿ."

ನೋವಾಗಿತ್ತು ಅವನಿಗೆ. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಕೂಡಿಸಿ ಶಾಲೆಯ ಹುಡುಗನಿಗೆ ಹೇಳುವ ಹಾಗೆ ಹೇಳಿದ.

"ನೋಡು ಈರಣ್ಣ. ಸಾಹೇಬ್ರು ತನಿಖೆಗೆ ಬರ್ತಾರಂತ ನೀನ ಅಂದಿ. ಅವರು ಬಂದಾಗ ನಾನು ತಿಕ್ಕಣ್ಣನ ರಟ್ಟಿ ಹಿಡಕಂಡು ನಿಂತಿದ್ರ ನಿನ್ನ ಕಾಗದ ಏನಾಗ್ತೈತಿ? ನನ್ನ ಹೆಬ್ಬಟ್ಟು ಏನಾಗ್ತೈತಿ? ಈ ವಯಸ್ಸಿನಾಗ ಸುಳ್ಳಿಗೆ ಒತ್ತಿದೋನು ಅನಸ್ಕಬೇಕಾ ನಾನು? ನೀ ಚಾವಡ್ಯಾಗ ಓದಿದಿ. ಅಲ್ಲೇ ನಿಂತು, ಅದು ಸುಳ್ಳು, ಇದು ಖರೆ ಅಂತ ಓದು. ಅವತ್ತ ಬರ್ತೀವಿ."

ಅಷ್ಟೇ ಆಗಬೇಕಾಗಿದ್ದದ್ದು. ಒಂದು ಹಾಳೆ, ಕಾಲು ಗಂಟೆ. ಆದರೆ ಅಂದೇ ಟಪಾಲಿಗೆ ಹಾಕಿದ್ದ ಅರ್ಜಿ ಆಗಲೇ ಕರ್ನೂಲು ಸೇರಿತ್ತು. ಚಾವಡಿಯಲ್ಲಿ ಸುಳ್ಳೆಂದು ಓದಿದರೆ ಶಾನುಭೋಗರ ಕಿವಿಗೆ ಬೀಳುತ್ತದೆ, ಅಲ್ಲಿಂದ ತನಿಖೆಗೆ ಬರುವವರ ಕಿವಿಗೆ ಬೀಳುತ್ತದೆ, ಬಾಬ್ತು ಹೋಗುತ್ತದೆ. ತನಿಖೆ ಒಂದು ಮುಗಿಯಲಿ ಎಂದುಕೊಂಡು ಮನೆಗೆ ಬಂದೆ.

ನಾನೂ ಅಕ್ಕನೂ ಎತ್ತಿದೆವು. ಎತ್ತಿದೆವು ಎನ್ನಬಾರದು, ಎಳೆದೆವು. ಎತ್ತುವುದು ಬೇರೆ, ಎಳೆಯುವುದು ಬೇರೆ ಎಂದು ನನಗೆ ಆಗ ತಿಳಿದದ್ದು. ಪ್ರತಿ ಸಲ ಎಳೆದಾಗ ಗೋಣಿತಟ್ಟಿನ ಮೇಲೆ ಅವನ ಚರ್ಮ ಉಜ್ಜುತ್ತಿತ್ತು. ಕೂಲಿಗೆ ಇಬ್ಬರನ್ನು ಕೇಳಿದೆ. "ಮನಷ್ಯಾನ್ನ ಎತ್ತಾಕ ಕೂಲಿ ತಗಂತಾರೇನ್ರಿ?" ಎಂದು ಮುಖ ತಿರುಗಿಸಿದರು. ಕಟ್ಟೆಗೆ ತರಲು ಆಗದೆ ಭಾವ ಒಳಗೇ ಉಳಿದ. ಅವನು ತಾನು ಬಿದ್ದಿರುವುದರ ಬಗ್ಗೆ ಏನೂ ಅನ್ನಲಿಲ್ಲ. ಒಂದು ದಿನ ಮಾತ್ರ ಅಂದ:

"ಹೊಲದ ಸುದ್ದಿ ಹೇಳೋರೇ ಇಲ್ದಂಗಾತು ನೋಡಲೇ. ಉರುಕುಂದಪ್ಪ ಮಾವನ ಹತ್ತಿ ಬಿಡಿಸೋದು ಮುಗೀತೋ ಇಲ್ಲೋ."

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಸೊಂಟದ ಕೆಳಗೆ, ಬೆನ್ನೆಲುಬು ಮುಗಿಯುವ ಕಡೆ ಚರ್ಮ ಕಿತ್ತಿದೆ ಎಂದಳು.

"ಹೋಗಿ ಒಂದು ಮಾತು ಹೇಳಿ ಬಾರಪ್ಪ. ಇಲ್ಲಂದ್ರ ನಾನ ಹೋಗಿ ಅವರ ಕಾಲು ಹಿಡೀತೀನಿ. ಹುಣ್ಣಾಗೈತಿ ಅಂದ್ರ ಬರದೇ ಇರ್ತಾರೇನು?"

ಬರದೇ ಇರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಹುಣ್ಣೆಂಬ ಮಾತು ಕಿವಿಗೆ ಬಿದ್ದರೆ ಉರುಕುಂದಪ್ಪ ಹೆಬ್ಬೆಟ್ಟು ಗಿಬ್ಬೆಟ್ಟು ಮರೆತು ಓಡಿ ಬರುತ್ತಿದ್ದ. ನಾನು ಅಕ್ಕನಿಗೆ ಹೇಳಿದ್ದು ಇದು:

"ಯಾರ ಮುಂದೂ ಹುಣ್ಣಿನ ಮಾತು ಎತ್ತಬ್ಯಾಡಕ್ಕ. ತನಿಖೆ ಮುಗೀಲಿ. ಹದಿನೈದು ದಿನ. ವಾರ್ಡು ಬಂದ್ರ ಭಾವಗ ದಿನಾ ಡಾಕ್ಟರು, ನರ್ಸು. ನಿನಗ ಈ ಕಷ್ಟ ಇರಂಗಿಲ್ಲ."

"ಹದಿನೈದು ದಿನ ಅಂದ್ರ ಹದಿನೈದೇ ದಿನ ಅಲ್ಲ?"

"ಹೂಂ ಅಕ್ಕ."

ಅವಳು ಓದಿದವಳಲ್ಲ. ನಾನು ಓದಿದವನು. ನಂಬಿದಳು. ಎಣ್ಣೆ ಬಿಸಿ ಮಾಡಲು ಒಲೆಯ ಕಡೆ ತಿರುಗಿದಳು. ಬಾವಿಯ ಹತ್ತಿರ ಯಾರಾದರೂ ಕೇಳಿದರೆ, "ಆರಾಮದಾನಮ್ಮ" ಅನ್ನುತ್ತಿದ್ದಳಂತೆ.

ಹದಿನೈದು ದಿನ ಒಂದು ತಿಂಗಳಾಯಿತು. ಶಿವರಾತ್ರಿಯ ಹಿಂದುಮುಂದಿನಲ್ಲಿ ತನಿಖೆಯ ಅಧಿಕಾರಿ ಬಂದರು. ಬಿಳಿಯ ಶರ್ಟು ಹಾಕಿದ್ದ ಮೃದು ಮಾತಿನವರು. ಪಡಸಾಲೆಯಲ್ಲಿ ಕುರ್ಚಿ ಹಾಕಿದೆ. ಮನೆಯಲ್ಲಿ ಯಾರಿದ್ದಾರೆ, ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಕೇಳಿ, ಕೊನೆಗೆ, "ಸ್ವಲ್ಪ ತೋರಿಸ್ತೀರಾ?" ಎಂದರು. ನಾನೇ ಭಾವನನ್ನು ಮಗ್ಗುಲಿಗೆ ತಿರುಗಿಸಿ ಸೊಂಟಕ್ಕೆ ಸುತ್ತಿದ್ದ ದಟ್ಟಿ ಸರಿಸಿದೆ. ಹುಣ್ಣು ಅಂಗೈ ಅಗಲವಾಗಿತ್ತು. ನಡುವೆ ಕಪ್ಪು. ಬೇವಿನೆಣ್ಣೆಯ ವಾಸನೆಯನ್ನು ಮೀರಿ ಇನ್ನೊಂದು ವಾಸನೆ ಎದ್ದಿತು. ಅವರು ಕರವಸ್ತ್ರ ಮೂಗಿಗೆ ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು.

"ಬರಕಳ್ರಿ ಸಾಹೇಬ್ರೆ, ಬರಕಳ್ರಿ. ನಂಗೇನೂ ನೋವಿಲ್ಲ" ಎಂದ ಭಾವ ಗೋಡೆಯ ಕಡೆ ಮುಖ ಮಾಡಿಕೊಂಡೇ.

ಅವರು ಬರೆದುಕೊಂಡರು. ಸಾಲಿನ ಮೇಲೆ ಸಾಲು. ಅವರ ಪೆನ್ನು ಓಡುವುದನ್ನು ನೋಡುತ್ತಾ ನಿಂತ ನನಗೆ ಏನಾಯಿತೆಂದು ಹೇಳಲೇಬೇಕು. ಅದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ನನಗೆ ಸಂತೋಷವಾಯಿತು. ಇನ್ನು ಯಾರೂ ಕಾಗದ ಸುಳ್ಳೆಂದು ಹೇಳಲಾರರು. ಸಾಕ್ಷಿ ಬೇಕಾಗಿತ್ತು, ಸಾಕ್ಷಿ ಇದೆ. ನನ್ನ ಬಾಯಿಯ ಮೂಲೆಯಲ್ಲಿ ಏನೋ ಸಡಿಲವಾದದ್ದು ನನಗೇ ತಿಳಿಯಿತು. ಕೂಡಲೇ ಮುಖ ಗಂಟಿಕ್ಕಿಕೊಂಡೆ. ಅಕ್ಕ ಎಣ್ಣೆ ಬಟ್ಟಲು ಹಿಡಿದು ಒಳಬಾಗಿಲಲ್ಲಿ ನಿಂತಿದ್ದಳು. ಅವಳು ಭಾವನನ್ನು ನೋಡುತ್ತಿದ್ದಾಳೆ ಎಂದುಕೊಂಡೆ.

ತನಿಖೆ ಮುಗಿಯಿತು. ಅಂದೇ ಸಂಜೆ ನಾನು ಚಾವಡಿಗೆ ಹೋಗಬಹುದಿತ್ತು. ಬಜೆಟ್ ಒಂದು ಆಗಿಬಿಡಲಿ ಎಂದುಕೊಂಡೆ. ದಾರಿಯಲ್ಲಿ ಸಿಕ್ಕಾಗ ಖಾಸಿಂ ಸಾಬರು, "ಬಾಬ್ತು ಬಂತೇನ್ರಿ ಮೇಷ್ಟ್ರೆ? ಮಂಗಳವಾರ ಕೈ ಖಾಲಿ ಖಾಲಿ ಅನಸ್ತೈತ್ರಿ" ಎನ್ನುತ್ತಿದ್ದರು. ಕುಶಾಲಿಗೆ ಎಂಬಂತೆ ಹೇಳುತ್ತಿದ್ದರು. ನಾನು ಬರ್ರಿ ಎಂದರೆ ಸಾಕಾಗಿತ್ತು, ನನ್ನ ಜೊತೆ ಮನೆಗೆ ಬರುತ್ತಿದ್ದರು. "ಬರ್ತೈತ್ರಿ, ಇನ್ನೇನು" ಎಂದು ಸೈಕಲ್ ಹತ್ತುತ್ತಿದ್ದೆ.

ಬಜೆಟ್ ಮಂಡನೆಯಾದ ಮೇಲೆ ಕರ್ನೂಲಿಗೆ ಹೋದೆ. ಬಿಸಿಲು ಏರಿತ್ತು. ಡೇರೆಯ ಬಟ್ಟೆ ಕೈ ಇಟ್ಟರೆ ಸುಡುತ್ತಿತ್ತು. ಗುಮಾಸ್ತರು ಅಚ್ಚಾದ ಪುಸ್ತಕವನ್ನೇ ತಂದು ನನ್ನ ಮುಂದಿಟ್ಟು, ವೈದ್ಯದ ಬಾಬ್ತುಗಳ ಮೇಲೆ ಬೆರಳಿಟ್ಟು ಕೆಳಗಿನವರೆಗೆ ಸರಿಸಿದರು. ನಮ್ಮದು ಇರಲಿಲ್ಲ.

"ಈ ಸಾರಿ ಕಾಲೇದು ತಮ್ಮ. ಆಗಲಿಲ್ಲ. ತನಿಖೆ ರಿಪೋರ್ಟು ಚೆನ್ನಾಗಿ ಬಂದಿದೆ. ಬರೋ ವರ್ಷ ಖಂಡಿತ ಕೇಳೋಣ" ಎಂದರು. ನನ್ನ ಮುಖ ನೋಡಿ ಮಜ್ಜಿಗೆ ತರಿಸಿದರು. ಬರುವ ವರ್ಷ ಎಂಬುದು ಬರಲಿಲ್ಲ. ಅಷ್ಟರಲ್ಲಿ ರಾಜಧಾನಿ ಹೈದರಾಬಾದಿಗೆ ಹೋಯಿತು, ಡೇರೆಗಳನ್ನು ಕಿತ್ತರು. ಆ ಕಾಗದ ಯಾವ ಗಂಟಿನಲ್ಲಿ ಎಲ್ಲಿಗೆ ಹೋಯಿತೋ.

ಆ ಸಂಜೆ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಬಸ್ಸಿನಲ್ಲೇ ಕನ್ನಡದಲ್ಲಿ ಒಂದು ಹಾಳೆ ಬರೆದಿದ್ದೆ. ಚಾವಡಿಯಲ್ಲಿ ನಿಂತು ಓದಿದೆ. ನಾನು ಬರೆದದ್ದು ಸುಳ್ಳು. ಸೋಮವಾರ ಇಂಥವರ ಮನೆ, ಮಂಗಳವಾರ ಇಂಥವರ ಮನೆ, ಬುಧವಾರ, ಹೀಗೆ ಏಳೂ ಹೆಸರು. ಆರು ವರ್ಷ ಎತ್ತಿದ್ದಾರೆ, ಒಂದು ದಿನ ತಪ್ಪಿಲ್ಲ. ಯಾರೂ ನನ್ನನ್ನು ಹಂಗಿಸಲಿಲ್ಲ. ಹಂಗಿಸಿದ್ದರೆ ಚೆನ್ನಾಗಿತ್ತು.

"ಇದಕ್ಕೂ ಹೆಬ್ಬಟ್ಟು ಒತ್ತಬೇಕೇನು?" ಎಂದ ಉರುಕುಂದಪ್ಪ.

"ಬ್ಯಾಡ ಮಾವ."

"ಹಂಗಾರ ಏಳ್ರಿ."

ಅದು ಯಾವ ವಾರವೆಂದು ಯಾರೂ ನೋಡಲಿಲ್ಲ. ಏಳು ಮನೆಯವರೂ ಎದ್ದು ಬಂದರು. ಪಡಸಾಲೆ ತುಂಬಿತು. "ಏನ್ರಪ್ಪ, ಎಲ್ಲಾರೂ ಒಮ್ಮೆಲೇ ಬಂದೀರಿ? ನಾ ಏನು ಅಷ್ಟು ಭಾರ ಆದ್ನಾ?" ಎಂದ ಭಾವ. ಅವನ ಕಣ್ಣಲ್ಲಿ ನೀರಿತ್ತು, ಜ್ವರವೂ ಇತ್ತು. ಉರುಕುಂದಪ್ಪ ರಟ್ಟೆಯ ಕೆಳಗೆ ಕೈ ಕೊಟ್ಟ. ಖಾಸಿಂ ಸಾಬರು ತೊಡೆಯ ಕೆಳಗೆ ಕೊಟ್ಟರು. ಎತ್ತಿದಾಗ ದಟ್ಟಿ ಹುಣ್ಣಿಗೆ ಅಂಟಿ ಜೊತೆಗೇ ಎದ್ದಿತು. ಅದನ್ನು ನೋಡಿ ಖಾಸಿಂ ಸಾಬರು "ಯಾ ಅಲ್ಲಾ" ಎಂದರು. ಉರುಕುಂದಪ್ಪ ರಟ್ಟೆ ಬಿಡದೆ ಭಾವನನ್ನು ಕಟ್ಟೆಗೆ ತಂದ. ಇಳಿಸಿದ ಮೇಲೆ ಅಕ್ಕನ ಕಡೆ ತಿರುಗಿದ.

"ಇಷ್ಟಾಗಿದ್ರೂ ನನಗ ಒಂದು ಮಾತು ಹೇಳಲಿಲ್ಲಲ್ಲವ್ವಾ. ನಾವೇನು ಸತ್ತಿದ್ದೆವಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ತಲೆ ತಗ್ಗಿಸಿ ನಿಂತಳು. ಬಯ್ಯಿಸಿಕೊಂಡಳು. ನಾನು ಹೇಳಬೇಡವೆಂದಿದ್ದೆ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ, ನನ್ನ ಬಾಯಿಂದಲೂ ಬರಲಿಲ್ಲ.

ಆ ದಿನದಿಂದ ಅವರು ದಿನಕ್ಕೆ ನಾಲ್ಕು ಸಲ ಬಂದರು. ಬಿಸಿಲಲ್ಲಿ ಹೊಲ ಬಿಟ್ಟು ಬಂದರು. ಆದೋನಿಯಿಂದ ಡಾಕ್ಟರನ್ನು ಬಂಡಿಯಲ್ಲಿ ಕರೆತಂದರು. ಹುಣ್ಣು ಎಲುಬಿಗೆ ಇಳಿದುಬಿಟ್ಟಿತ್ತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಭಾವ ತೀರಿಕೊಂಡ. ಅಂದು ಗುರುವಾರ. ಆ ದಿನದ ಮನೆಯವರು ಮುಂಜಾನೆ ಎತ್ತಲು ಬಂದಾಗಲೇ ಗೊತ್ತಾದದ್ದು.

ಉರುಕುಂದಪ್ಪ ಆಮೇಲೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಲಿಲ್ಲವೆಂದು ಕೇಳಿದ್ದೇನೆ. ಮಗನ ಹೆಸರಿಗೆ ಹೊಲ ಮಾಡುವಾಗಲೂ ತಕರಾರು ಮಾಡಿದನಂತೆ. ನಾನು ಸಿ. ಬೆಳಗಲ್ ಕಡೆಗೆ ವರ್ಗ ಕೇಳಿ ಹೋದೆ. ಕೊಟ್ಟಿಗೆಯ ಮೂಲೆಯ ಆ ಮುದುಕಿಯ ಊರಿಗೆ ಮತ್ತೆ ಹೋಗಲಿಲ್ಲ. ನನ್ನ ಪಟ್ಟಿಯಲ್ಲಿದ್ದ ಉಳಿದವರ ಮನೆಗಳಿಗೂ ಹೋಗಲಿಲ್ಲ. ಅವರ ಹೆಸರುಗಳನ್ನು ಬರೆದುಕೊಂಡು ಬಂದಿದ್ದೆ, ಏನಾಯಿತೆಂದು ಹೇಳಲೂ ಹೋಗಲಿಲ್ಲ. ಕೇಳಿದ್ದು ತಪ್ಪಲ್ಲ. ಇಂದಿಗೂ ಆ ಬಾಬ್ತು ಬೇಕು, ಇಂದಿಗೂ ಇಲ್ಲ. ಯಾರಾದರೂ ಮತ್ತೆ ಕೇಳಬೇಕಾಗಿತ್ತು. ನನ್ನ ಬಾಯಿಂದ ಮಾತ್ರ ಮತ್ತೆ ಹೊರಡಲಿಲ್ಲ.

ಅಕ್ಕ ಆ ಊರಲ್ಲೇ ಇದ್ದಳು. ಹಬ್ಬಕ್ಕೆ ಬರುತ್ತಿದ್ದಳು, ನನ್ನ ಮಕ್ಕಳನ್ನು ಆಡಿಸಿದಳು, ಅವರ ಮದುವೆಗಳಿಗೆ ನಿಂತು ಶಾವಿಗೆ ಹೊಸೆದಳು. ಆ ವರ್ಷದ ಮಾತು ಒಂದು ದಿನವೂ ನಮ್ಮ ನಡುವೆ ಬರಲಿಲ್ಲ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ ಅವಳನ್ನು ಆದೋನಿಗೆ ಕರೆತಂದೆ. ಎಂಟು ತಿಂಗಳು ನಾನೂ ಸೊಸೆಯೂ ಮಗ್ಗುಲು ಬದಲಿಸಿದೆವು. ಅವಳು ಹತ್ತಿಯ ಹಂಜಿಯಷ್ಟು ಹಗುರವಾಗಿದ್ದಳು. ಎತ್ತುವುದಕ್ಕೆ ಇಬ್ಬರು ಬೇಕಾಗಿರಲಿಲ್ಲ.

ಹೋಗುವುದಕ್ಕೆ ಒಂದು ವಾರ ಮುಂಚೆ, ಸೊಸೆ ಹೊರಗೆ ಹೋಗಿದ್ದ ಹೊತ್ತಿನಲ್ಲಿ, ನಾನು ಅವಳ ಪಕ್ಕ ಕೂತು ಬಾಯಿ ತೆರೆದೆ.

"ಅಕ್ಕ, ಭಾವನ ವಿಷಯದಾಗ ನಾನು..."

"ಗೊತ್ತೈತಿ ಬಿಡು."

"ನಿನಗ ಗೊತ್ತಿಲ್ದಿದ್ದು ಒಂದೈತಿ."

ಅವಳು ಸೂರಿನ ಕಡೆ ಕಣ್ಣು ತಿರುಗಿಸಿದಳು.

"ಆ ಸಾಹೇಬ್ರು ಬರಕೊಳ್ಳೋವಾಗ ನಾ ನಿನ್ನ ಮಾರಿನೇ ನೋಡ್ತಿದ್ದೆ ಈರಣ್ಣ" ಎಂದಳು. "ಬಾಗಲದಾಗ ನಿಂತಿದ್ನಲ್ಲ."

ಐವತ್ತು ವರ್ಷ. ಅಷ್ಟೂ ವರ್ಷ, ಬಂದಾಗಲೆಲ್ಲ, ಅವಳು ನನ್ನ ತಟ್ಟೆಗೆ ರೊಟ್ಟಿ ಹಾಕಿದ್ದಳು.

ಅವಳು ಕೈಯಾಡಿಸಿದಳು.

"ಹೊತ್ತಾತು. ಆ ಕಡಿ ಹೊರಳ್ಸು. ಕೈ ತಣ್ಣಗಿದ್ದಾವು ನೋಡು ನಿನ್ನವು, ತಿಕ್ಕಿ ಬಿಸಿ ಮಾಡ್ಕೋ."

ನಾನು ಅಂಗೈಗಳನ್ನು ತಿಕ್ಕಿ, ಎಣ್ಣೆ ಹಚ್ಚಿಕೊಂಡು, ಅವಳನ್ನು ಹೊರಳಿಸಿದೆ. ಎಂಟು ತಿಂಗಳಾದರೂ ಅವಳ ಬೆನ್ನ ಮೇಲೆ ಒಂದು ಕೆಂಪು ಕಲೆಯೂ ಇರಲಿಲ್ಲ. ಅದನ್ನು ಅವಳಿಗೆ ಹೇಳಬೇಕೆನಿಸಿತು. ಹೇಳುವುದಕ್ಕೆ ನನಗೆ ಮುಖವಿರಲಿಲ್ಲ.